ನಾದಿನಿಯ ಒಳಚಿಲಕ

ನನ್ನ ನಾದಿನಿ ವಯಸ್ಸಾಗಿ ಸತ್ತಳು ಎಂದು ನಮ್ಮ ಮನೆಯಲ್ಲಿ ಬಂದವರಿಗೆಲ್ಲ ಹೇಳಿದರು. ಸುಳ್ಳು. ಅವಳು ನನಗಿಂತ ಚಿಕ್ಕವಳು, ನಾನಿನ್ನೂ ನೆಟ್ಟಗೆ ಓಡಾಡಿಕೊಂಡಿದ್ದೇನೆ. ಅವಳು ಸತ್ತದ್ದು ಒಂದು ಕೋಣೆಯ ಒಳಚಿಲಕ ಕಿತ್ತಿದ್ದಕ್ಕೆ. ಕಿತ್ತವನು ನನ್ನ ಮಗ.

ಪಡಸಾಲೆಯಲ್ಲಿ ಮಲಗಿಸಿದ್ದಾಗ ಹೊದಿಸಿದ ಸೀರೆಯ ತುದಿಯಿಂದ ಅವಳ ಎರಡೂ ಪಾದ ಆಚೆ ಕಾಣುತ್ತಿದ್ದವು. ನೋಡಲು ಬಂದ ಹೆಂಗಸರ ಕಣ್ಣು ಮುಖಕ್ಕಿಂತ ಪಾದದ ಮೇಲೇ ಹೆಚ್ಚು. ಹಿಮ್ಮಡಿಯಲ್ಲಿ ಒಂದು ಬಿರುಕಿಲ್ಲ. ಅಜ್ಜಂಪುರದ ಎರೆಮಣ್ಣಿನಲ್ಲಿ ಬರಿಗಾಲಲ್ಲಿ ತಿರುಗಿ, ಈರುಳ್ಳಿ ಮಂಡಿಯಲ್ಲಿ ದಿನವಿಡೀ ಕುಕ್ಕರಗಾಲಲ್ಲಿ ಕೂತು ಈರುಳ್ಳಿ ಆರಿಸಿದ ಹೆಂಗಸಿನ ಪಾದ ಅದು ಎಂದರೆ ಯಾರೂ ನಂಬುವುದಿಲ್ಲ. ನಮ್ಮ ಬೀದಿಯಲ್ಲಿ ಹಿಮ್ಮಡಿ ಒಡೆಯದ ಹೆಂಗಸು ಅವಳೊಬ್ಬಳೇ.

"ಸಾಯೋವರ್ಗೂ ಸೋಕಿ ಬಿಡ್ಲಿಲ್ಲ ನೋಡು" ಎಂದು ಎದುರು ಮನೆಯವಳು ಪಕ್ಕದವಳ ಕಿವಿಯಲ್ಲಿ ಹೇಳಿದಳು. ನನಗೆ ಕೇಳಿಸಲಿ ಎಂದೇ ಹೇಳಿದಳು.

ಅವಳ ಸೋಕಿ ಏನು ಎಂದು ನಾನು ಹೇಳುತ್ತೇನೆ. ಹಿಮ್ಮಡಿ ಉಜ್ಜಲು ಒಡೆದ ಹೆಂಚಿನ ಒಂದು ಚೂರು, ಒಂದು ಬಟ್ಟಲು ಕೊಬ್ಬರಿ ಎಣ್ಣೆ, ಒಂದು ಬಾಚಣಿಗೆ. ಅಷ್ಟೇ. ಸಂಜೆ ಮಂಡಿಯಿಂದ ಬಂದು, ಕೈಕಾಲು ತೊಳೆದು, ದೀಪ ಹಚ್ಚಿದ ಮೇಲೆ ತನ್ನ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಿದ್ದಳು. ಒಂದು ಗಂಟೆ. ಆ ಹೊತ್ತಿನಲ್ಲಿ ಮನೆಗೆ ನೆಂಟರು ಬರಲಿ, ಒಲೆಯ ಮೇಲೆ ಹಾಲು ಉಕ್ಕಲಿ, ಬಾಗಿಲು ತೆಗೆಯುತ್ತಿರಲಿಲ್ಲ. ನಾನು ಆಚೆಯಿಂದ ಬೈಯುತ್ತಿದ್ದೆ. ಅವಳು ಆ ಹೊತ್ತಿನಲ್ಲಿ ಒಂದು ಎಸಳು ಬೆಳ್ಳುಳ್ಳಿಯನ್ನೂ ಬಿಡಿಸಿಕೊಟ್ಟವಳಲ್ಲ.

"ಒಳಗೆ ಏನೇ ಮಾಡ್ತೀಯ ಅಷ್ಟೊತ್ತು?" ಎಂದು ಒಮ್ಮೆ ಕೇಳಿದೆ.

"ಏನೂ ಮಾಡಲ್ಲ ಅತ್ಗೆ. ಅದಕ್ಕೇ ಬಾಗ್ಲು ಹಾಕ್ಕೊಳ್ಳೋದು" ಎಂದಳು.

ನಮ್ಮ ಕಡೆಯ ಮನೆಗಳಲ್ಲಿ ಒಳಚಿಲಕ ಇರುವುದು ಬೀದಿ ಬಾಗಿಲಿಗೆ, ಹಿತ್ತಲ ಬಾಗಿಲಿಗೆ, ಬಚ್ಚಲಿಗೆ, ಗಂಡ ಹೆಂಡತಿ ಮಲಗುವ ಕೋಣೆಗೆ. ಮಿಕ್ಕ ಬಾಗಿಲಿಗೆಲ್ಲ ಚಿಲಕ ಆಚೆ ಕಡೆಗೆ. ಒಂಟಿ ಹೆಂಗಸು ಒಳಗಿಂದ ಚಿಲಕ ಹಾಕಿಕೊಂಡಳು ಎಂದರೆ ಬೀದಿಗೆ ಸಾಕಾಗುವಷ್ಟು ಮಾತು ಸಿಕ್ಕಿತು ಎಂದೇ ಅರ್ಥ. ಏನೋ ಬಚ್ಚಿಟ್ಟಿದ್ದಾಳೆ, ಏನೋ ತಿನ್ನುತ್ತಾಳೆ, ಯಾರ ಜೊತೆಗೋ ಮಾತಾಡುತ್ತಾಳೆ. ಸುಮ್ಮನೆ ಕೂತಿದ್ದಾಳೆ ಎಂದು ಮಾತ್ರ ಒಬ್ಬರಿಗೂ ಹೊಳೆಯಲಿಲ್ಲ.

ಅವಳನ್ನು ತರೀಕೆರೆಗೆ ಕೊಟ್ಟಿದ್ದರು. ಮೈ ನೆರೆದ ವರ್ಷವೇ ಮದುವೆ. ಅದು ತುಂಬಿದ ಮನೆ. ಅತ್ತೆ, ಮಾವ, ಮೈದುನರು, ಅವರ ಮಕ್ಕಳು. ಕೂತರೆ ಯಾಕೆ ಕೂತೆ, ಮಲಗಿದರೆ ಯಾಕೆ ಮಲಗಿದೆ. ಅಳು ಬಂದರೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಒಂದು ಚೊಂಬು ನೀರನ್ನು ಸಣ್ಣಗೆ ಸುರಿಯುತ್ತ ಅಳುತ್ತಿದ್ದಳಂತೆ, ನೀರಿನ ಸದ್ದಿಗೆ ಅಳು ಕೇಳಿಸದಿರಲಿ ಎಂದು. ಅವಳಿಗಿನ್ನೂ ನಮ್ಮ ಮೊಮ್ಮಗಳ ವಯಸ್ಸು ಆಗ. ಮಕ್ಕಳಾಗಲಿಲ್ಲ ಎಂದು ಗಂಡ ಇನ್ನೊಬ್ಬಳನ್ನು ತಂದ. ಇವಳು ಒಂದು ಟ್ರಂಕು ಹಿಡಿದುಕೊಂಡು ಬಸ್ಸು ಹತ್ತಿ ಬಂದಳು. ಇನ್ನು ತರೀಕೆರೆಗೆ ಕಾಲಿಡುವುದಿಲ್ಲ ಎಂದು ಹೊಸ್ತಿಲ ಮೇಲೆ ನಿಂತೇ ಹೇಳಿದಳು. ತನ್ನ ಅಣ್ಣನನ್ನು, ಅಂದರೆ ನನ್ನ ಯಜಮಾನರನ್ನು, ಅವಳು ಕೇಳಿದ್ದು ಒಂದೇ. "ಆ ಸಾಮಾನಿನ ಕೋಣೆ ಕೊಡಣ್ಣ. ಒಳಗಡೆಗೆ ಒಂದು ಚಿಲಕ ಹಾಕ್ಸು."

ಅವರು ಈಗಿಲ್ಲ. ಮಾತು ಕಮ್ಮಿಯ ಮನುಷ್ಯ. ಅಂಗಡಿಗೆ ಹೋಗಿ ಚಿಲಕ ತಂದು ತಾವೇ ಕೂರಿಸಿದರು. ನಾನು ಮೂತಿ ತಿರುಗಿಸಿದೆ. ಅವಳ ಮೇಲೆ ನನಗೆ ಬಹಳ ಪ್ರೀತಿ ಇತ್ತು ಎಂದು ಈಗ ಬರೆದರೆ ಅದು ನಾಟಕವಾಗುತ್ತದೆ. ಒಂದೇ ಒಲೆಯ ಮುಂದೆ ಇಬ್ಬರು ಹೆಂಗಸರು ಮುದುಕಿಯರಾದೆವು, ಅಷ್ಟು ಮಾತ್ರ ನಿಜ.

ಈಗ ಮೊಮ್ಮಗಳ ವಿಷಯ. ಹುಡುಗಿ ಹತ್ತನೆಯದರಲ್ಲಿ ಒಳ್ಳೆಯ ಅಂಕ ತೆಗೆದಳು. ಅದೇ ತಪ್ಪಾಯಿತು. ಮಗ ಸೊಸೆ ಸೇರಿ ಕಡೂರಿನ ಕಾಲೇಜಿಗೆ ಸೈನ್ಸಿಗೆ ಹಾಕಿದರು. ಬೆಳಗಿನ ರೈಲಿಗೆ ಹೋದರೆ, ಕಾಲೇಜು ಮುಗಿಸಿ, ಬೀರೂರಿನಲ್ಲಿ ಇಳಿದು ಟ್ಯೂಷನ್ನು ಮುಗಿಸಿ, ಸಂಜೆಯ ಗಾಡಿಗೆ ಬರುತ್ತಿದ್ದಳು. ಬಂದವಳು ಮತ್ತೆ ಪುಸ್ತಕ. ನಡುವೆ ಮೊಬೈಲು ಕೂಗುತ್ತಿತ್ತು. ಓದಿನ ಗುಂಪಂತೆ, ಅದರಲ್ಲಿ ಯಾರು ಎಷ್ಟು ಓದಿದರು ಎಂದು ಹೊತ್ತುಹೊತ್ತಿಗೆ ಹಾಕುತ್ತಿದ್ದರಂತೆ. ನಾನು ಓದಿದ್ದು ನಾಲ್ಕನೆಯ ಕ್ಲಾಸು. ಫಿಸಿಕ್ಸ್ ಏನೆಂದು ನನಗೆ ಗೊತ್ತಿಲ್ಲ. ಆದರೆ ಜಡೆ ಹಾಕುವಾಗ ಕೈಗೆ ಬರುವ ಕೂದಲು ಗೊತ್ತು. ಹಿಡಿ ಹಿಡಿ ಬರುತ್ತಿತ್ತು. ತಟ್ಟೆಯ ಮುಂದೆ ಕೂತು ಮುದ್ದೆಯನ್ನು ನೋಡುತ್ತಲೇ ಇರುತ್ತಿದ್ದಳು.

ಒಂದು ಸಂಜೆ ಗಾಡಿ ಬಂತು, ಹುಡುಗಿ ಬರಲಿಲ್ಲ. ಮಗ ಬೈಕಿನಲ್ಲಿ ಬೀರೂರಿಗೆ ಹೋಗಿ ನೋಡಿದರೆ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಚೀಲ ತಬ್ಬಿಕೊಂಡು ಕೂತಿದ್ದಳಂತೆ. ಗಾಡಿ ಬಂದದ್ದೂ ಕಂಡಿದೆ, ಹೋದದ್ದೂ ಕಂಡಿದೆ.

"ಯಾಕ್ ಹತ್ಲಿಲ್ವೇ?" ಎಂದು ಸೊಸೆ ಕೇಳಿದಳು.

"ಎದ್ದೇಳಕ್ಕೆ ಆಗ್ಲಿಲ್ಲಮ್ಮ" ಎಂದಳು ಹುಡುಗಿ.

ಸೊಸೆಯ ತಾಯಿ ಫೋನಿನಲ್ಲೇ ತೀರ್ಮಾನ ಕೊಟ್ಟರು. ಗಾಳಿ ಸೋಕಿದೆ, ತಾಯತ ಕಟ್ಟಿಸಿ ಎಂದು. ಕಟ್ಟಿಸಿದರು. ಗಾಳಿಯೂ ಇಲ್ಲ, ಗೀಳಿಯೂ ಇಲ್ಲ. ಹುಡುಗಿ ದಣಿದಿದ್ದಳು. ಅದನ್ನು ನೋಡಿದ ಕೂಡಲೇ ಹೇಳಿದವಳು ನನ್ನ ನಾದಿನಿ. ಮಾರನೆಯ ದಿನ ಗಾಡಿ ಇಳಿದು ಬಂದ ಹುಡುಗಿಯ ಕೈಯಿಂದ ಮೊಬೈಲು ಕಿತ್ತುಕೊಂಡು ಅಕ್ಕಿ ಡಬ್ಬದೊಳಗೆ ಹಾಕಿ ಮುಚ್ಚಿದಳು.

"ಬಾರೇ ಒಳಕ್ಕೆ. ಪುಸ್ತಕ ಆಚೆ ಇಡು."

"ಚಿಕ್ಕಜ್ಜಿ, ನಾಳೆ ಟೆಸ್ಟೈತೆ."

"ಇರ್ಲಿ. ಅದೂ ಒಂದ್ಗಂಟೆ ಆಚೆ ಕೂತಿರ್ಲಿ."

ಅವತ್ತಿನಿಂದ ದಿನಾ ಇಬ್ಬರೂ ಒಳಗೆ. ಮೊದಲು ಒಂದಷ್ಟು ದಿನ ಹುಡುಗಿಯ ಅಳು ಕೇಳಿಸಿತು. ನಾದಿನಿ ಸಮಾಧಾನ ಹೇಳುವ ಜಾತಿಯಲ್ಲ, ಅವಳ ದನಿಯೇ ಇರಲಿಲ್ಲ. ಆಮೇಲೆ ಹೆಂಚಿನ ಚೂರು ಉಜ್ಜುವ ಸದ್ದು. ಆಮೇಲೆ ನಗು. "ನಿನ್ ಕಾಲು ನೋಡೇ, ಎಮ್ಮೆ ಗೊರಸು ಇದ್ದಂಗೈತೆ. ಹದಿನಾರು ವರ್ಷದೋಳ ಕಾಲಾ ಇದು?" ಎಂದು ಇವಳು ಹಂಗಿಸುವುದು, "ನಿಮ್ ಮೂಗು ನೋಡ್ಕೊಳಿ ಚಿಕ್ಕಜ್ಜಿ" ಎಂದು ಅವಳು. ದಣಿದವರು ಕೂತುಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಡ ಎಂದು ಹುಡುಗಿಗೆ ಹೇಳಿಕೊಟ್ಟಳಂತೆ. ನನ್ನ ಮೊಮ್ಮಗಳು ಆ ಮಾತನ್ನು ನನಗೇ ತಿರುಗಿಸಿ ಹೇಳಿದಳು, ನಾನು ಕೊಡ ಹೊತ್ತುಕೊಂಡು ಬರುವಾಗ.

ಹುಡುಗಿ ಊಟ ಮಾಡಲು ಶುರು ಮಾಡಿದಳು. ಎಣ್ಣೆ ಹಚ್ಚಿದ ತಲೆಯಲ್ಲಿ ನಿದ್ದೆಯೂ ಬಂತು. ಅಂಕ ಮಾತ್ರ ಕಮ್ಮಿಯಾಯಿತು. ಅದು ನಿಜ, ಮುಚ್ಚಿಡುವುದಿಲ್ಲ. ಮೊದಲು ಬರುತ್ತಿದ್ದಷ್ಟು ಬರಲಿಲ್ಲ. ಕಾಲೇಜಿನಿಂದ ಮೆಸೇಜು ಬಂದ ದಿನ ಮಗ ಸ್ಕ್ರೂಡ್ರೈವರ್ ಹಿಡಿದುಕೊಂಡು ಕೋಣೆಯ ಮುಂದೆ ನಿಂತ.

"ಬಾಗ್ಲು ಹಾಕ್ಕೊಂಡು ಏನ್ ಕಲಿಸ್ತಾ ಇದ್ದೀರತ್ತೆ ನನ್ ಮಗಳಿಗೆ? ಗಂಡನ್ ಮನೆ ಬಿಟ್ ಬರೋದನ್ನ?"

ಹೆತ್ತವಳಾಗಿ ನಾನು ಕೂಗಿದೆ. "ಲೇ, ಬಾಯಿ ಬಿಗಿ ಹಿಡಿ. ಹುಡುಗಿ ಅನ್ನ ತಿಂತಾವ್ಳೆ, ಅದು ಕಾಣಲ್ವ ನಿಂಗೆ?"

"ನಿಂಗೆ ಗೊತ್ತಾಗಲ್ಲ, ಸುಮ್ನಿರಮ್ಮ" ಎಂದ. ಈ ಮಾತು ಅವನ ಅಪ್ಪನೂ ನನಗೆ ಆಡಿರಲಿಲ್ಲ.

ನಾದಿನಿ ಜಗಳಕ್ಕೆ ಬರಲಿಲ್ಲ. ಅವನು ಸ್ಕ್ರೂ ತಿರುಗಿಸುವಾಗ ಪಕ್ಕದಲ್ಲೇ ನಿಂತು ಅಂಗೈ ಒಡ್ಡಿದಳು. "ಬೀಳಿಸ್ಬೇಡ ಕಣೋ. ಮತ್ತೆ ಬೇಕಾಗ್ತವೆ."

ಕೋಣೆ ಹುಡುಗಿಯ ಓದಿನ ಕೋಣೆಯಾಯಿತು. ಅಡುಗೆಮನೆಯಿಂದ ಸೊಸೆಗೆ ಕಾಣುವ ಹಾಗೆ ಬಾಗಿಲು ಸದಾ ಹಾರು ಹೊಡೆದಿರಬೇಕು. ನಾದಿನಿಯ ಹಾಸಿಗೆ ಪಡಸಾಲೆಗೆ ಬಂತು, ಟಿ.ವಿ. ಪಕ್ಕಕ್ಕೆ. ಆಮೇಲೆ ಅವಳು ಸಂಜೆಯಾದರೆ ಸ್ಟೇಷನ್ನಿಗೆ ಹೋಗಲು ಶುರು ಮಾಡಿದಳು. ಪ್ಲಾಟ್‌ಫಾರಮ್ಮಿನ ತುದಿಯಲ್ಲಿ ಒಂದು ಸಿಮೆಂಟಿನ ಬೆಂಚು ಇದೆ. ಅಲ್ಲಿ ಕೂರುತ್ತಿದ್ದಳು. ಗಾಡಿ ಇಳಿದ ಹುಡುಗಿಯೂ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು, ಆಮೇಲೆ ಇಬ್ಬರೂ ಮನೆಗೆ. ಗಾಡಿ ತಡವಾಯಿತು ಎಂದು ಇಬ್ಬರೂ ಒಂದೇ ಸುಳ್ಳು ಹೇಳುತ್ತಿದ್ದರು. ಚಳಿಗಾಲ ಅದು. ಬಯಲು ಸೀಮೆಯ ಗಾಳಿಗೆ ಆ ಕಡೆ ತಡೆಯೇ ಇಲ್ಲ. ಕೆಮ್ಮು ಬಂತು. "ಹೋಗ್ಬೇಡ ಕಣೇ" ಎಂದೆ. "ಮನೇಲಿ ಎಲ್ಲೈತೆ ಜಾಗ?" ಎಂದಳು. ಕೆಮ್ಮು ಎದೆಗೆ ಇಳಿಯಿತು.

ತರೀಕೆರೆಗೆ ಕಾಲಿಡುವುದಿಲ್ಲ ಎಂದಿದ್ದವಳನ್ನು ತರೀಕೆರೆಯ ಆಸ್ಪತ್ರೆಗೇ ಸೇರಿಸಿದರು. ಉದ್ದಕ್ಕೂ ಮಂಚ ಹಾಕಿದ ವಾರ್ಡು, ಎಲ್ಲ ಮಂಚದ ಸುತ್ತಲೂ ಜನ. ನರ್ಸಮ್ಮ ಒಳ್ಳೆಯವಳು, ಬಂದು ಬಂದು ನೋಡುತ್ತಿದ್ದಳು. ಕೊನೆಯ ಮಧ್ಯಾಹ್ನ ಇವಳು ನನ್ನ ಕೈ ತಟ್ಟಿ ಕರೆದಳು. ಏನೋ ಹೇಳಿಕೊಳ್ಳುತ್ತಾಳೆ ಎಂದು ಬಗ್ಗಿದೆ.

"ಅತ್ಗೆ, ನೀನೂ ಆಚೆ ಹೋಗು. ಸ್ವಲ್ಪ ಹೊತ್ತು ಯಾರೂ ಬ್ಯಾಡ."

ಇಷ್ಟು ವರ್ಷ ಜೊತೆಗಿದ್ದವಳಿಗೆ ಅವಳು ಕೊನೆಗೆ ಆಡಿದ ಮಾತು ಇದು. ಕೋಪ ಬಂತು. ಆದರೂ ಹೊದಿಕೆಯನ್ನು ಅವಳ ಮುಖಕ್ಕೆ ಬೆಳಕು ಬೀಳದ ಹಾಗೆ ಎಳೆದು, ವರಾಂಡದ ಮೆಟ್ಟಿಲ ಮೇಲೆ ಹೋಗಿ ಕೂತೆ. ತಿರುಗಿ ಬಂದಾಗ ಹೋಗಿಬಿಟ್ಟಿದ್ದಳು.

ತಿಥಿಯ ದಿನ ಮನೆ ತುಂಬ ಜನ. ಅವಳ ಕೋಣೆಯಲ್ಲೇ ನೆಂಟರು ಎಲೆಯಡಿಕೆ ಹಾಕಿಕೊಂಡು ಅಂಕದ ಮಾತಾಡುತ್ತಿದ್ದರು. ಮೊಮ್ಮಗಳು ಬೆಳಗಿನಿಂದ ಎಲೆ ಹಾಕಿದಳು, ನೀರು ಬಡಿಸಿದಳು, ಕೇಳಿದವರಿಗೆಲ್ಲ ಕಾಲೇಜು, ಕ್ಲಾಸು ಹೇಳಿದಳು. ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ, ಎಷ್ಟು ಗಟ್ಟಿ ನೋಡು ಎಂದು ಸೊಸೆಯ ತಾಯಿ ಹೊಗಳಿದರು. ಸಂಜೆ ನಾನು ಹಿತ್ತಲಿಗೆ ಹೋದಾಗ ಬಚ್ಚಲಿನ ಬಾಗಿಲು ಹಾಕಿತ್ತು. ಒಳಗೆ ನೀರು ಬೀಳುತ್ತಿತ್ತು. ಸ್ನಾನದ ಸದ್ದಲ್ಲ. ಒಂದೇ ಸಮನೆ, ಸಣ್ಣಗೆ, ಚೊಂಬನ್ನು ಬಗ್ಗಿಸಿ ಹಿಡಿದ ಹಾಗೆ.

ತರೀಕೆರೆಯ ಬಚ್ಚಲು ನಮ್ಮ ಮನೆಗೇ ಬಂದಿತ್ತು.

ಸೊಸೆ ಬಂದು ಬಾಗಿಲು ಬಡಿದಳು. "ಎಷ್ಟೊತ್ತೇ? ನೆಂಟ್ರು ಹೊರಟ್ರು, ಕುಂಕುಮ ಕೊಡು ಬಾ." ನೀರು ನಿಂತಿತು. ಹುಡುಗಿ ಮುಖ ಒರೆಸಿಕೊಂಡು ಆಚೆ ಬಂದು, ನನ್ನ ಮುಖವನ್ನೂ ನೋಡದೆ ಹೋಗಿ ಕುಂಕುಮದ ತಟ್ಟೆ ಎತ್ತಿಕೊಂಡಳು.

ಮಾರನೆಯ ಬೆಳಿಗ್ಗೆ ನಾನು ನಾದಿನಿಯ ಟ್ರಂಕು ತೆಗೆದೆ. ಸೀರೆಗಳ ಕೆಳಗೆ ಎಣ್ಣೆಯ ಹಳೇ ಡಬ್ಬ, ಅದರೊಳಗೆ ಹೆಂಚಿನ ಚೂರು, ಚಿಲಕ, ಸ್ಕ್ರೂಗಳು. ಒಂದು ಸ್ಕ್ರೂ ಕಮ್ಮಿ ಇತ್ತು, ಅದರ ಜಾಗಕ್ಕೆ ಮೊಳೆ ಹೊಡೆದೆ. ಮಿಕ್ಕವನ್ನು ಈಳಿಗೆಮಣೆಯ ಪಕ್ಕದಲ್ಲಿದ್ದ ಚಾಕುವಿನ ತುದಿಯಿಂದ ತಿರುಗಿಸಿದೆ. ಸದ್ದಿಗೆ ಮಗ ಎದ್ದು ಬಂದ.

"ಏನಮ್ಮ ಮಾಡ್ತಾ ಇದ್ದೀಯ?"

"ಕಾಣಲ್ವ? ನಿಮ್ಮಪ್ಪ ಹಾಕಿದ ಚಿಲಕ ಇದು. ಇನ್ನೊಂದ್ಸಲ ಕೀಳ್ಬೇಕು ಅಂದ್ರೆ ನನ್ನ ಮಣ್ಣು ಮಾಡಿ ಬಂದು ಕೀಳು."

ಅವನು ನಿಂತ, ನೋಡಿದ, ಹಲ್ಲುಜ್ಜಲು ಹೋದ. ರೈಲಿಗೆ ಹೊರಟು ನಿಂತಿದ್ದ ಹುಡುಗಿಯ ಹೆಗಲಿನ ಚೀಲ ಇಳಿಸಿದೆ. ಮೊಬೈಲನ್ನು ಅಕ್ಕಿ ಡಬ್ಬಕ್ಕೆ ಹಾಕಿದೆ. ಕೈಗೆ ಎಣ್ಣೆಯ ಬಟ್ಟಲು, ಹೆಂಚಿನ ಚೂರು ಕೊಟ್ಟು ಕೋಣೆಯೊಳಕ್ಕೆ ನೂಕಿದೆ. "ಹಾಕ್ಕೊ" ಎಂದೆ. ಆಮೇಲೆ ಚಿಲಕ ಬಿದ್ದ ಸದ್ದು ಕೇಳಿಸಿತು.

ನಾನು ಬೆಳ್ಳುಳ್ಳಿಯ ಮೊರ ಮುಂದಿಟ್ಟುಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ರೈಲು ಕೂಗಿ ಹೋಯಿತು. ಸೊಸೆ ಓಡಿ ಬಂದಳು.

"ಗಾಡಿ ಹೋಯ್ತಲ್ಲ ಅತ್ತೆ. ಒಳಗೆ ಏನ್ ಮಾಡ್ತಾವ್ಳೆ ಅವ್ಳು?"

"ಏನೂ ಮಾಡ್ತಾ ಇಲ್ಲ" ಎಂದು ಹೇಳಿ ಬೆಳ್ಳುಳ್ಳಿಯ ಮೊರವನ್ನು ಅವಳ ಕಡೆಗೆ ನೂಕಿದೆ.