ನೀಲವ್ವ ಹೇಳಿದ ನನ್ನ ತವರು

ಇಳಕಲ್‌ಗೆ ಬಂದ ಮೊದಲ ದಿನ, ಗುರುತು ಪರಿಚಯವಿಲ್ಲದ ಮುದುಕಿಯೊಬ್ಬಳು ನನ್ನ ಮನೆಯೊಳಗೆ ನಡೆದು ಬಂದು, ಟ್ರಂಕಿನ ಮುಚ್ಚಳ ಎತ್ತಿ, ನನ್ನ ಸೀರೆಗಳನ್ನು ಒಂದೊಂದಾಗಿ ಮುಟ್ಟಿ ನೋಡತೊಡಗಿದಳು. ಮೈಸೂರಿನಲ್ಲಿ ಪಕ್ಕದ ಮನೆಯವರೂ ಗೇಟಿನಾಚೆ ನಿಂತು "ಎಕ್ಸ್‌ಕ್ಯೂಸ್ ಮಿ" ಅನ್ನುವವರು! ನಾನು ಬಾಯಿ ಬಿಡುವುದರೊಳಗೆ ಅವಳು ಕೆಂಪು ಸೆರಗಿನ ಹಳೆಯ ಸೀರೆ ಹಿಡಿದು ಕೇಳಿದಳು: "ಇದು ಯಾರದವ್ವಾ?"

"ನನ್ನ ತಾಯಿಯದು. ಇಳಕಲ್ ಸೀರೆ ಅಂತಾರೆ."

"ಹೌದೇಳು, ನಮ್ಮ ಓಣಿ ಮಗ್ಗದ್ದ. ನಿಮ್ಮವ್ವನ್ನ ನಾ ನೋಡೇನಿ."

ಸೀರೆಯ ಇನ್ನೊಂದು ತುದಿ ಹಿಡಿದು ಅವಳೆದುರೇ ಕೂತೆ. ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅಪ್ಪ ನನ್ನನ್ನು ಕಾನ್ವೆಂಟಿನ ಬೋರ್ಡಿಂಗ್‌ಗೆ ಸೇರಿಸಿದರು. ಅಮ್ಮನ ಊರು ಯಾವುದೆಂದು ಹೇಳದೆಯೇ ಅವರೂ ಹೋದರು. ಎಪ್ಪತ್ನಾಲ್ಕರಲ್ಲಿ ನಮ್ಮವರಿಗೆ ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದಾಗ ಈ ಬಿಸಿಲೂರಿಗೆ ನಾನು ತಕರಾರಿಲ್ಲದೆ ಹೊರಟದ್ದು ಆ ಸೀರೆಗಾಗಿ.

ಆ ಮುದುಕಿ, ನೀಲವ್ವ, ನಮ್ಮ ಓಣಿಯಲ್ಲೇ ತನ್ನ ಮನೆಯ ಕಟ್ಟೆಯ ಮೇಲೆ ಕೂತು ರಾಟೆಯಲ್ಲಿ ಮಗ್ಗದ ಲಾಳಿಗೆ ನೂಲು ಸುತ್ತುತ್ತಿದ್ದಳು. ಅಲ್ಲಿ ದಿನಾ ಹೋಗತೊಡಗಿದೆ. ಅಮ್ಮ ಆ ಸೀರೆ ಕೊಳ್ಳಲು ಹುನಗುಂದದಿಂದ ಟಾಂಗಾದಲ್ಲಿ ಬಂದಿದ್ದಳು ಎಂದಳು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮರುವಾರದ ಕತೆಯಲ್ಲಿ ಅಮ್ಮ ಕೂಡಲಸಂಗಮದಿಂದ ಬರಿಗಾಲಲ್ಲಿ ಬಂದಿದ್ದಳು.

"ಟಾಂಗಾ ಅಂದಿದ್ದಿರಲ್ಲ ಅಜ್ಜಿ?"

"ಟಾಂಗಾ ಹಾದ್ಯಾಗ ಮುರೀತು. ನೀ ಏನ್ ಫೌಜದಾರ ಏನ? ಪುಸ್ತಕ ಓದಿದಂಗ ಮಾತಾಡ್ತಿ, ಬರ್ಕೋತಿ!"

ಹುನಗುಂದದಲ್ಲಿ ಬೇವಿನ ಗಿಡದ ಬಾಜೂ ಅಮ್ಮನ ಮನೆ ಎಂದಳೆಂದು ಬಸ್ಸು ಹತ್ತಿ ಹೋದೆ. ಅಲ್ಲಿ ಬೇವಿನ ಗಿಡವಿಲ್ಲದ ಓಣಿಯೇ ಇಲ್ಲ. ಜನ ಕುಡಿಯಲು ನೀರು ಕೊಟ್ಟರು, ಉಣ್ಣಲು ರೊಟ್ಟಿ ಕೊಟ್ಟರು, ಉತ್ತರ ಮಾತ್ರ ಯಾರ ಹತ್ತಿರವೂ ಇರಲಿಲ್ಲ. ಆಮೇಲೆ ನೀಲವ್ವ ಬಾದಾಮಿಗೂ ಓಡಾಡಿಸಿದಳು. ಫ್ಯಾಕ್ಟ್ ಅಂದರೆ ಫ್ಯಾಕ್ಟ್ ಎಂದು ಸಿಸ್ಟರ್‌ಗಳಿಂದ ಕಲಿತು ಬಂದವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಕೊನೆಗೆ ಅಮ್ಮ ಹುಟ್ಟಿದ್ದು ನಮ್ಮ ಓಣಿಯಲ್ಲೇ ಎಂದಳು!

ಅಷ್ಟರಲ್ಲಿ ಸೀರೆಯ ಅಂಚು ಹರಿಯಿತು. ಎದುರು ಮನೆಯ ನೇಕಾರ ಸಂಗಪ್ಪನಿಗೆ ಕೊಟ್ಟೆ. ಅವನು ಸೆರಗು ಶುರುವಾಗುವ ಜಾಗವನ್ನು ಬೆರಳಲ್ಲಿ ಸವರಿದ.

"ಬಾಯಾರ, ಇದು ನಮ್ಮೂರ್ದಲ್ರಿ. ನಾವು ಸೆರಗಿನ ಹಾಸಿನೆಳಿ, ಮೈ ಹಾಸಿನೆಳಿ ಬ್ಯಾರೆ ಬ್ಯಾರೆ ಮಾಡಿ, ಎಳಿಗೆ ಎಳಿ ಕೊಂಡಿ ಹಾಕಿ ಕೂಡಸ್ತೇವಿ. ಇದರಾಗ ಕೊಂಡೀನ ಇಲ್ಲ. ಎಲ್ಲೋ ನಕಲ್ ಮಾಡ್ಯಾರ."

"ನೀಲವ್ವಜ್ಜಿಗೆ ಗೊತ್ತಾಗಲಿಲ್ಲವೇ?"

ಅವನು ನಕ್ಕ. "ಸಣ್ಣಾಕಿ ಇದ್ದಾಗಿಂದ ಕೊಂಡಿ ಹಾಕ್ಯಾಳ್ರಿ. ಕಣ್ಣ ಕಟ್ಟಿದ್ರೂ ಬೆರಳಿಗೆ ಗೊತ್ತಾಕ್ಕೈತಿ."

ನೇರ ಕಟ್ಟೆಗೆ ಹೋದೆ. "ಮೊದಲನೇ ದಿನವೇ ಗೊತ್ತಿತ್ತಾ?"

"ಗೊತ್ತಿತ್ತು." ಅವಳ ರಾಟೆ ನಿಲ್ಲಲಿಲ್ಲ.

"ಮತ್ತೆ ಯಾಕೆ ಸುಳ್ಳು ಹೇಳಿದಿರಿ?"

"ನಮ್ಮೂರ್ದಲ್ಲ ಅಂದಿದ್ರ ಎರಡನೇ ದಿನ ನೀ ಈ ಕಟ್ಟಿ ಹತ್ತತಿದ್ದೇನು? ನಿಮ್ಮ ಮೈಸೂರಾಗ ನಿಮ್ಮವ್ವನ್ನ ಹಿಂಗ ಯಾರರ ನೆನಸಿದ್ರೇನು?"

ಯಾರೂ ನೆನೆಸಿರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಎಂಟು ದಿನ ಮಾತು ಬಿಟ್ಟೆ. ನೋಟ್‌ಬುಕ್ಕನ್ನು ಒಲೆಗೆ ಹಾಕಿದೆ. ಆದರೆ ಅಮ್ಮ ಅಲ್ಲೇ ಹುಟ್ಟಿದವಳೆಂಬ ಅವಳ ಕೊನೆಯ ಕತೆ ಆ ಹೊತ್ತಿಗೆ ಓಣಿಯನ್ನೆಲ್ಲ ಸುತ್ತಿ ಬಂದಿತ್ತು. ನಾನು ಎಲ್ಲರಿಗೂ ಮನೆ ಮಗಳಾಗಿಬಿಟ್ಟಿದ್ದೆ.

ಎಂಬತ್ತೈದರಲ್ಲಿ ಮೈಸೂರಿಗೆ ಮರಳಿದೆವು. ನೀಲವ್ವ ಈಗಿಲ್ಲ. ಮೈಸೂರಿನಲ್ಲಿ ಯಾರಾದರೂ ತಾಯಿಯ ಊರು ಕೇಳಿದರೆ "ಗೊತ್ತಿಲ್ಲ" ಅನ್ನುತ್ತೇನೆ. ಆನೆಸ್ಟ್ ಉತ್ತರ ಅದೊಂದೇ. ಈಗಲೂ ಆಗಾಗ ಹೋದಾಗ, ಇಳಕಲ್‌ನಲ್ಲಿ ಬಸ್ಸಿಳಿದು ಓಣಿ ಸೇರುವಷ್ಟರಲ್ಲಿ "ತವರಿಗೆ ಬಂದ್ರೇನ್ರೀ ಬಾಯಾರ?" ಎನ್ನುತ್ತಾರೆ. ಈ ಸಲ ತಿದ್ದಲೇಬೇಕು ಎಂದು ಪ್ರತಿ ಸಲವೂ ನಿಶ್ಚಯಿಸಿಕೊಂಡೇ ಹೋಗಿರುತ್ತೇನೆ. ಹೊರಡುವ ದಿನ ಅವರು ಮಗಳಿಗೆ ಮಾಡುವಂತೆ ನನ್ನನ್ನು ಮಣೆಯ ಮೇಲೆ ಕೂರಿಸುತ್ತಾರೆ, ಮಡಿಲು ತುಂಬಲು ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ ತರುತ್ತಾರೆ. "ಉಡಿ ಒಡ್ಡವ್ವಾ" ಎನ್ನುತ್ತಾರೆ.

ಒಡ್ಡುತ್ತೇನೆ.