ಅವ್ವನ ಚರಗ ಮತ್ತು ಸ್ಟಿಯರಿಂಗ್ ಪಂಪು

ಪಂಪು ಸಿಗದೇ ಹೋಗಬಹುದಿತ್ತು. ಸಿಕ್ಕರೂ ಬೇರೆ ಗಾಡಿಯದಾಗಿರಬಹುದಿತ್ತು. ನಮ್ಮಂಥ ಗಾಡಿಯದೇ ಆದರೂ ನಮ್ಮದಕ್ಕಿಂತ ಮುಂಚೆ ಸತ್ತಿರಬಹುದಿತ್ತು. ಬಿಚ್ಚುವಾಗ ಬೋಲ್ಟು ಮುರಿದು ಅರ್ಧ ಒಳಗೇ ಉಳಿಯಬಹುದಿತ್ತು. ಎಣ್ಣೆಯ ಪೈಪು ಸೀಳಬಹುದಿತ್ತು, ಬೆಲ್ಟು ಹರಿಯಬಹುದಿತ್ತು, ಮಿಸ್ತ್ರಿ ಊರಿಗೆ ಹೋಗಿಬಿಡಬಹುದಿತ್ತು. ಎಲ್ಲ ಸುಸೂತ್ರವಾದರೂ ಲಕ್ಷ್ಮೇಶ್ವರದ ರಸ್ತೆಯ ಯಾವುದೋ ತಿರುವಿನಲ್ಲಿ ಸ್ಟಿಯರಿಂಗ್ ಬಿಗಿದು, ಗಾಡಿ ಗೋವಿನಜೋಳದೊಳಗೆ ನುಗ್ಗಿ, ಅವ್ವನ ಸೊಂಟದ ಹೊಸ ಕೀಲು ಕಳಚಬಹುದಿತ್ತು. ಮಳೆ ಬಂದು ಎರೆಮಣ್ಣು ಚಕ್ರಕ್ಕೆ ಮೆತ್ತಿ ನಾವು ಹೊಲದಲ್ಲೇ ಉಳಿಯಬಹುದಿತ್ತು.

ಇವನ್ನೆಲ್ಲ ಒಂದು ಹಾಳೆಯ ಮೇಲೆ ಬರೆದಿಟ್ಟಿದ್ದೆ. ಬರೆದಿಟ್ಟ ಕೇಡು ಆಗುವುದಿಲ್ಲ ಎಂಬುದು ನನ್ನ ಐವತ್ಮೂರು ವರ್ಷಗಳ ನಂಬಿಕೆ. ಹೆಂಡತಿ ಹಾಳೆ ಓದಿ, “ಭೂಕಂಪ ಬಿಟ್ಟೀರಿ ನೋಡ್ರಿ” ಅಂದಳು. ಅದನ್ನೂ ಬರೆದುಕೊಂಡೆ.

ಗಾಡಿ ಎಂದರೆ, ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ವರ್ಷವಾದ ಒಂದು ಬಿಳಿ ಕಾರು. ಮೂಗು ದಪ್ಪ, ಹೊಟ್ಟೆ ದೊಡ್ಡದು. ಎಲ್ಲರೂ ಬೇಡವೆಂದ ಮೇಲೆ ಕೊಂಡದ್ದು. ಹೆಂಡತಿ ಅದನ್ನು “ನಿಮ್ಮ ಆನಿ” ಎನ್ನುತ್ತಾಳೆ. ಆದರೆ ಹೋದ ವರ್ಷ ಅವ್ವ ಬಚ್ಚಲಲ್ಲಿ ಬಿದ್ದು ಸೊಂಟದ ಕೀಲು ಬದಲಿಸಿದ ಮೇಲೆ ಆನೆಗೆ ಮರ್ಯಾದೆ ಬಂತು. ಆಟೋದಲ್ಲಿ ಅವ್ವನಿಗೆ ಬಗ್ಗಿ ಕೂರಲು ಆಗದು. ತಂಗಿಯ ಗಂಡನ ಎತ್ತರದ ಗಾಡಿಗೆ ಇಬ್ಬರು ಹಿಡಿದು ಏರಿಸಿದಾಗ, “ನನ್ನ ಗೋಧಿ ಚೀಲ ಮಾಡಿದ್ರಿ ಹೌದಿಲ್ಲೊ” ಎಂದು ಕಣ್ಣೀರು ಹಾಕಿದ್ದಳು. ನಮ್ಮ ಕಾರಿನ ಮುಂದಿನ ಸೀಟು ಮಾತ್ರ ಮಂಚದಷ್ಟೇ ಎತ್ತರ. ಕೂತು, ಕಾಲು ಒಳಗೆ ಎಳೆದುಕೊಂಡರೆ ಆಯಿತು. ಯಾರೂ ಮುಟ್ಟಬೇಕಾಗಿಲ್ಲ.

ಅದಕ್ಕೇ ಅವ್ವ ಈ ಸಲ ದಸರೆಗೆ ಮುಂಚೆಯೇ ಹೇಳಿಬಿಟ್ಟಿದ್ದಳು: “ಶೀಗಿ ಹುಣ್ಣಿವಿಗೆ ಹೊಲಕ್ಕ ನಾನೂ ಬರ್ತೀನಿ. ಚರಗ ನಾನ ಚೆಲ್ಲಾಕಿ.” ಫಸಲು ಹೊತ್ತ ಭೂಮಿ ಬಸುರಿ ಎಂದು ಬಗೆದು, ಅಂದು ಅಡುಗೆಯನ್ನೆಲ್ಲ ಕಲಸಿ ಹೊಲದ ತುಂಬ ಚೆಲ್ಲುವುದೇ ಚರಗ. ಯಳವತ್ತಿಯ ಹತ್ತಿರದ ನಮ್ಮ ನಾಲ್ಕೆಕರೆಗೆ ಅವ್ವ ಮದುವೆಯಾಗಿ ಬಂದಂದಿನಿಂದ ಈ ಬಯಕೆಯೂಟ ತಪ್ಪಿಸಿರಲಿಲ್ಲ. ಹೋದ ವರ್ಷ ಮಾತ್ರ ಹಾಸಿಗೆಯಲ್ಲಿದ್ದಳು.

ನವಮಿಯ ದಿನ ಆಯುಧಗಳ ಖಂಡೆ ಪೂಜೆಗೆ ಗಾಡಿ ತೊಳೆದೆ. ಚೆಂಡುಹೂವಿನ ಹಾರ ಹಾಕಿದೆ. ಅಷ್ಟಕ್ಕೆ ಬಿಡುವವನು ನಾನಲ್ಲ. ಹೊರಗಷ್ಟೇ ಪೂಜೆಯಾಗಿ ಒಳಗಿನವು ಬೇಸರ ಮಾಡಿಕೊಂಡರೆ? ಬಾನೆಟ್ ಎತ್ತಿ ಬ್ಯಾಟರಿಗೆ, ರೇಡಿಯೇಟರಿಗೆ, ಎಣ್ಣೆ ಡಬ್ಬಿಗಳ ಮುಚ್ಚಳಕ್ಕೆ, ಒಂದನ್ನೂ ಬಿಡದೆ ಕುಂಕುಮ ಹಚ್ಚಿ ಹೂವು ಉದುರಿಸಿದೆ. ಮರುದಿನ ಬೆಳಿಗ್ಗೆ ರೂಢಿಯಂತೆ ಎಲ್ಲ ಮುಚ್ಚಳ ತೆರೆದು ಎಣ್ಣೆ, ನೀರು ನೋಡಿದೆ. ಎಲ್ಲ ತುಂಬಿತ್ತು. ತುಂಬಿದ್ದರೂ ನನಗೆ ಸಮಾಧಾನವಾಗುವುದಿಲ್ಲ, ಅದು ಬೇರೆ ಮಾತು.

ಅಂದು ಸಂಜೆ ಹಿರಿಯರಿಗೆ ಬನ್ನಿ ಕೊಡಲು ಬೆಟಗೇರಿಯ ಓಣಿಯಿಂದ ಹೊರಟರೆ, ಮೊದಲ ತಿರುವಿನಲ್ಲೇ ಗಾಡಿ ಕುಂಯ್ ಎಂದು ಅತ್ತಿತು. ಸ್ಟಿಯರಿಂಗ್ ಬೀಸುವ ಕಲ್ಲಾಯಿತು. ನನ್ನ ಬಲಭುಜ ಹಿಡಿದುಕೊಂಡು ವರ್ಷವಾಗಿದೆ. ಕೈ ಮೇಲೆತ್ತಲಾಗದೆ, ಶಾಲೆಯಲ್ಲಿ ಹಲಗೆಯ ಕೆಳಗಿನ ಅರ್ಧದಲ್ಲೇ ಗಣಿತ ಕಲಿಸುವವನು ನಾನು. ಹೆಂಡತಿಯೂ ನಾನೂ ಸೇರಿ ಆ ಚಕ್ರವನ್ನು ಎಳೆದೆಳೆದು ಗಾಡಿಯನ್ನು ವಾಪಸು ತಂದೆವು.

ಗ್ಯಾರೇಜಿನ ಮಿಸ್ತ್ರಿ ಬಂದು ಬಾನೆಟ್ಟಿಗೆ ಕಿವಿ ಕೊಟ್ಟ. “ಪಂಪ್ ಸತ್ತೈತ್ರಿ ಮಾಸ್ತರ್ರ.”

“ಖರೆ?”

“ಅಳಾಕತ್ತೈತಿ, ಕೇಳ್ರಲ್ಲ. ಬ್ಯಾರೆ ಪಂಪ್ ತಂದ್ರ ಹಾಕಿಕೊಡ್ತೀನಿ. ಆದ್ರ ಹುಣ್ಣಿವಿ ಹಿಂದಿನ ದಿನ ಸಂಜೀತನಕ ಅಷ್ಟ. ಆಮ್ಯಾಲ ಶಿರಹಟ್ಟಿಗೆ ಹೊಂಟೀನಿ, ನಮ್ಮ ಅಕ್ಕನ ಹೊಲಕ್ಕ.”

ಉಳಿದದ್ದು ನಾಲ್ಕು ದಿನ. ಎರಡು ದಿನ ಫೋನಿನಲ್ಲೇ ಹೋದವು. ಹುಬ್ಬಳ್ಳಿಯ ಅಂಗಡಿಯವನೊಬ್ಬ ಗಾಡಿಯ ಹೆಸರು ಕೇಳಿ, “ಇನ್ನೂ ಅದಾವನ್ರಿ ಅವು?” ಎಂದು ಭಕ್ತಿಯಿಂದ ಕೇಳಿದ. ಕೊನೆಗೆ ಮುಂಡರಗಿಯಲ್ಲಿ ಹಳೆಯ ಅರಳೆ ವ್ಯಾಪಾರಿಯೊಬ್ಬರ ಶೆಡ್ಡಿನಲ್ಲಿ ಇಂಥದೇ ಗಾಡಿ ನಿಂತಿದೆ ಎಂಬ ಖಬರು ಬಂತು. ಬೆಳಗಿನ ಬಸ್ಸಿಗೆ ಮುಂಡರಗಿಗೆ ಹೋದೆ.

ಗಾಡಿ ಇತ್ತು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ವ್ಯಾಪಾರಿ ಬಾನೆಟ್ಟಿನ ದೂಳು ಒರೆಸುತ್ತ ನಿಂತರು. ನಾನು ಅವ್ವನ ಸೊಂಟ, ಚರಗ, ನನ್ನ ಭುಜ, ಎಲ್ಲ ಹೇಳಿದೆ. ಐವತ್ತು ದಾಟಿದ ಗಣಿತದ ಮಾಸ್ತರ ಕೋಳಿಯ ಮುಂದೆ ಅಳುವುದು ಚೆನ್ನಾಗಿರುವುದಿಲ್ಲ ಎಂದು ಮುಖ ತಿರುಗಿಸಿದೆ.

“ಒಯ್ರಿ,” ಅಂದರು ಅವರು. “ಆದ್ರ ಬಿಚ್ಚಿದ ಮ್ಯಾಲ ಬಾನೆಟ್ ಮುಚ್ಚಿ ಹೋಗ್ರಿ. ಬಾಯಿ ತಕ್ಕೊಂಡು ನಿಂತ್ರ ನನಗ ನೋಡಾಕ ಆಗೂದಿಲ್ಲ.”

ಅಲ್ಲಿಯ ಗ್ಯಾರೇಜಿನವನನ್ನು ಕರೆತಂದು ಬಿಚ್ಚಿಸಿದೆ. ಪಂಪನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಪಕ್ಕದ ಹೆಣ್ಣುಮಗಳು, ಕೂಸೆಂದು ತಿಳಿದು, “ಮುಖಕ್ಕ ಗಾಳಿ ಬಿಡ್ರಿ ಅಣ್ಣಾರ” ಅಂದಳು. ಅಷ್ಟರಲ್ಲಿ ಕೂಸು ನನ್ನ ಪ್ಯಾಂಟಿನ ಮೇಲೆ ಎಣ್ಣೆ ಬಿಟ್ಟಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ಅವ್ವ ಕೇಳಿದಳು, “ಗಾಡಿ ಆತೇನೋ ತಮ್ಮಾ?”

“ನಾಳೆ ಆಗ್ತೈತವ್ವಾ. ಒಂದ್ ವ್ಯಾಳೆ ಆಗಲಿಲ್ಲಂದ್ರ, ಮುಂದಿನ ವರ್ಷ...”

“ಮುಂದಿನ ವರ್ಷ ಭೂಮಿ ಇರ್ತೈತಿ,” ಅಂದಳು ಅವ್ವ. “ನಾ ಇರ್ತೀನೇನು?” ಎಂದು ಎದುರಿನ ಎಳ್ಳನ್ನು ಆರಿಸುವುದರಲ್ಲಿ ತೊಡಗಿದಳು. ನನ್ನ ಹಾಳೆಯಲ್ಲಿ ಈ ಒಂದನ್ನು ಬರೆದಿರಲಿಲ್ಲ. ಬರೆಯಲು ಕೈ ಬರಲೂ ಇಲ್ಲ.

ಹುಣ್ಣಿಮೆಯ ಹಿಂದಿನ ದಿನ ಮಿಸ್ತ್ರಿ ತನ್ನ ಗ್ಯಾರೇಜಿನಲ್ಲಿ ಪಂಪು ಬದಲಿಸಿದ. ಬೋಲ್ಟು ಮುರಿಯಲಿಲ್ಲ, ಪೈಪು ಸೀಳಲಿಲ್ಲ. ನನಗೆ ಅನುಮಾನ ಶುರುವಾದದ್ದೇ ಆಗ. ಪೈಪಿನೊಳಗಿನ ಗಾಳಿ ಹೋಗಬೇಕೆಂದು ಮುಂದಿನ ಚಕ್ರಗಳನ್ನು ಜಾಕಿನ ಮೇಲೆತ್ತಿ, “ಎಡಕ್ಕ ಪೂರಾ, ಬಲಕ್ಕ ಪೂರಾ, ತಿರುವ್ರಿ” ಅಂದ. ಒಂದೇ ಕೈಯಲ್ಲಿ ಎಷ್ಟು ಸಲ ತಿರುವಿದೆನೋ. ಎಂಜಿನ್ ಶುರು ಮಾಡಿದೆವು.

ಕುಂಯ್.

ಅದೇ ಅಳು. ಚಕ್ರ ಅದೇ ಕಲ್ಲು. ಮಿಸ್ತ್ರಿ ಕೈಯಲ್ಲಿದ್ದ ಬೋಲ್ಟು ಬಿಚ್ಚುವ ಪಾನಾ ನೆಲಕ್ಕೆ ಒಗೆದ. “ಇದೂ ಸತ್ತ ಪಂಪನ ತಂದೀರೇನ್ರೀ?”

ನಾನು ಗ್ಯಾರೇಜಿನ ಹಳೆಯ ಟೈರಿನ ಮೇಲೆ ಕೂತೆ. ಬಿಸಿಲು ಇಳಿಯುತ್ತಿತ್ತು. ಮನೆಯಲ್ಲಿ ಹೆಂಡತಿ ಕರಿಗಡಬು ತುಂಬುತ್ತಿದ್ದಳು, ಅವ್ವ ಎಳ್ಳು ಹಚ್ಚಿದ ಸಜ್ಜೆರೊಟ್ಟಿಯನ್ನು ಕೂತಲ್ಲೇ ಬಡಿಯುತ್ತಿದ್ದಳು. ಗೋಧಿ ಚೀಲದಂತೆ ಹೊತ್ತೊಯ್ಯಲೇ, ಇಲ್ಲವೇ ಬರಬೇಡವೆನ್ನಲೇ? ಹೇಳಬೇಕಾದ ಮಾತನ್ನು ನಾಲ್ಕು ರೀತಿಯಲ್ಲಿ ಜೋಡಿಸಿ ನೋಡಿದೆ. ನಾಲ್ಕರಲ್ಲೂ ಅವ್ವ ರೊಟ್ಟಿಯ ಬುಟ್ಟಿಯನ್ನು ಪಕ್ಕಕ್ಕೆ ಸರಿಸುತ್ತಿದ್ದಳು.

ಮಿಸ್ತ್ರಿಯ ಬಸ್ಸಿಗೆ ಇನ್ನು ಹೆಚ್ಚು ಹೊತ್ತಿರಲಿಲ್ಲ. ಅವನು ಕೈ ಒರೆಸಿಕೊಂಡ, ಚಪ್ಪಲಿ ಹಾಕಿಕೊಂಡ, ಬಾಗಿಲತನಕ ಹೋದ, ತಿರುಗಿ ಬಂದ. “ನಿಮ್ಮ ಮಾರಿ ನೋಡಿದ್ರ ಶಿರಹಟ್ಟ್ಯಾಗ ಉಂಡದ್ದು ಮೈಗೆ ಹತ್ತೂದಿಲ್ಲ,” ಎಂದು ಬೈದು, ಅಲ್ಲಿಯವರೆಗೆ ಮುಚ್ಚಳವಷ್ಟೇ ತೆರೆದು ನೋಡಿದ್ದ ಸ್ಟಿಯರಿಂಗ್ ಎಣ್ಣೆಯ ಡಬ್ಬಿಯನ್ನೇ ಬಿಚ್ಚಿ ಬೆಳಕಿಗೆ ಹಿಡಿದ. ಪಂಪಿಗೆ ಎಣ್ಣೆ ಹೋಗುವುದು ಅದರ ತಳದ ಜಾಳಿಗೆಯಿಂದ. ಚಿಮಟದಿಂದ ಏನನ್ನೋ ಎಳೆದು ಅಂಗೈಯ ಮೇಲಿಟ್ಟು ತೋರಿಸಿದ. ಆಮೇಲೆ ಗೋಡೆಗೆ ಒರಗಿಕೊಂಡು ನಗಲು ಶುರುಮಾಡಿದ.

“ನಿಮ್ಮ ಹಳೇ ಪಂಪಿಗೆ ಏನೂ ಆಗಿಲ್ರಿ! ಉಪವಾಸ ಕೆಡವಿದ್ರಿ ಅದನ್ನ. ಈಗ ಹಾಕಿದ್ದು ಗಾಡ್ಯಾಗ ಇರ್ಲಿ, ಹಳೇದನ್ನ ಮುಂಡರಗಿಗೆ ಕೊಟ್ಟ ಬರ್ರಿ.”

“ನಮ್ಮ ಮನ್ಯಾಕಿಗೆ ಹೇಳಬ್ಯಾಡೋ ಮಾರಾಯಾ,” ಎಂದೆ.

ಡಬ್ಬಿ ತೊಳೆದು, ಹೊಸ ಎಣ್ಣೆ ಹಾಕಿದ ಮೇಲೆ ಸ್ಟಿಯರಿಂಗ್ ಒಂದು ಬೆರಳಿಗೆ ತಿರುಗಿತು. ಮಿಸ್ತ್ರಿ ನಗುತ್ತಲೇ ಬಸ್ಸಿಗೆ ಓಡಿದ.

ಹುಣ್ಣಿಮೆಯ ದಿನ ಲಕ್ಷ್ಮೇಶ್ವರದ ರಸ್ತೆಯ ಯಾವ ತಿರುವಿನಲ್ಲೂ ಏನೂ ಆಗಲಿಲ್ಲ. ಮಳೆ ಬರಲಿಲ್ಲ. ಭೂಕಂಪವೂ ಆಗಲಿಲ್ಲ. ಹೊಲದ ಬದುವಿಗೆ ಗಾಡಿ ನಿಲ್ಲಿಸಿದಾಗ ಅವ್ವ ತಾನೇ ಕಾಲು ಹೊರಗಿಟ್ಟಳು. ಕೋಲೂರಿ ಎಣಿಸಿದಂತೆ ಹತ್ತು ಹೆಜ್ಜೆ ನಡೆದಳು. ಹೆಂಡತಿ ಬುಟ್ಟಿ ಹಿಡಿದಳು. ಅವ್ವ ಮುಷ್ಟಿ ತುಂಬಿ, ಶೇಂಗಾದ ಸಾಲುಗಳ ಮೇಲೆ ಚರಗ ಚೆಲ್ಲಿದಳು. ಎರಡು ವರ್ಷದ್ದನ್ನು ಒಮ್ಮೆಗೇ ಉಣಿಸುವವಳಂತೆ ಬುಟ್ಟಿ ಬರಿದಾಗುವತನಕ ಚೆಲ್ಲಿದಳು.

ತಿರುಗಿ ಬರುವಾಗ ಬದುವಿನ ಗಿಡದಿಂದ ಒಂದು ಚೆಂಡುಹೂವು ಕಿತ್ತುಕೊಂಡಳು. “ಪಾಪ, ನನ್ನ ಇಲ್ಲೀತನಕ ತಂತು. ಇದರ ಎಂಜಿನ್ನಿಗೂ ಒಂದ್ ಹೂ ಏರಸ್ತೀನಿ. ಬಾನೆಟ್ ಎತ್ತೋ ತಮ್ಮಾ.”

“ಬ್ಯಾಡವ್ವಾ!” ನಾನು ಕೂಗಿದ ರಭಸಕ್ಕೆ ಹೆಂಡತಿ ಬುಟ್ಟಿ ಕೆಡವಿದಳು.

“ಯಾಕೋ? ಹೂವಿಗೆ ಯಾಕ ಇಷ್ಟು ಹೆದರ್ತಿ?”

ಇಬ್ಬರೂ ನನ್ನನ್ನೇ ನೋಡುತ್ತಿದ್ದರು. ಅಂಗಿಯ ಜೇಬಿನಿಂದ ನನ್ನ ಭಯಗಳ ಹಾಳೆಯನ್ನು ತೆಗೆದು ಬಿಚ್ಚಿದೆ. ಅದರ ಮಡಿಕೆಯಲ್ಲಿ, ಮಿಸ್ತ್ರಿ ಚಿಮಟದಿಂದ ಎಳೆದುಕೊಟ್ಟಿದ್ದ ಏಳೆಂಟು ಚೆಂಡುಹೂವಿನ ಎಸಳು, ಎಣ್ಣೆ ಕುಡಿದು ಕಪ್ಪಾಗಿ, ಒಂದಕ್ಕೊಂದು ಅಂಟಿಕೊಂಡಿದ್ದವು.