ಎಲ್ಲ ನಟ್ಟಿಗೂ ಒಂದೇ ಸ್ಪ್ಯಾನರ್

ಬಂಗಾರಪೇಟೆ ಸ್ಟೇಷನ್ನಿನ ಹೊರಗೆ ಗೋಣಿಚೀಲ ಹಾಸಿಕೊಂಡು ಸಾಮಾನು ಮಾರುತ್ತಿದ್ದವನ ಮುಂದೆ ನಾನು ನಿಂತದ್ದು ಒಂದು ಶನಿವಾರ. ಎಂಬತ್ತರ ದಶಕದ ಆರಂಭ, ನನಗೆ ಇಪ್ಪತ್ತೆರಡು. ಅವನ ಕೈಯಲ್ಲಿ ಬೆಳ್ಳಿಯಂತೆ ಹೊಳೆಯುವ ಸ್ಪ್ಯಾನರ್ ಇತ್ತು. ಹಿಡಿ ಎಳೆದರೆ ಬಾಯಿ ತಾನೇ ಕಿರಿದಾಗಿ ಯಾವ ಅಳತೆಯ ನಟ್ಟನ್ನಾದರೂ ಕಚ್ಚುತ್ತದೆ ಎಂದ. ಹಲಗೆಗೆ ಜಡಿದ ಹೊಸ ನಟ್ಟುಗಳನ್ನು ಒಂದಾದ ಮೇಲೊಂದು ತಿರುಗಿಸಿ ತೋರಿಸಿದ. ಎಲ್ಲಕ್ಕೂ ಗ್ರೀಸ್ ಬಳಿದಿತ್ತು. ಬೆರಳಲ್ಲೇ ತಿರುಗುವಂಥ ನಟ್ಟುಗಳು. ಗ್ರೀಸ್ ಕಂಡೂ ಕೊಂಡೆ.

ಅದು ನನ್ನ ಮೊದಲ ದಡ್ಡತನವಲ್ಲ. ಕಾರಿನ ಸಾಮಾನಿಗೆಂದೇ ಒಂದು ಡೈರಿ ಇಟ್ಟಿದ್ದೆ. ಸಾಮಾನಿಗೊಂದು ಪುಟ, ಎಡಕ್ಕೆ ‘ಸರಿಮಾಡಿದ್ದು’, ಬಲಕ್ಕೆ ‘ಕೆಡಿಸಿದ್ದು’. ತಗ್ಗಾದ ತಗಡನ್ನು ಎಳೆದು ನೆಟ್ಟಗೆ ಮಾಡುವ ರಬ್ಬರ್ ಬಟ್ಟಲು: ಎಡಕ್ಕೆ ಸೊನ್ನೆ, ಬಲಕ್ಕೆ ಒಂದು. ತಗ್ಗು ಹಾಗೇ ಉಳಿದು ಬಣ್ಣ ಕಿತ್ತು ಬಂತು. ಪೆಟ್ರೋಲ್ ಉಳಿಸಲೆಂದು ಪೈಪಿಗೆ ಕಟ್ಟುವ ಅಯಸ್ಕಾಂತ: ಮೂರು ತಿಂಗಳು ಅಳೆದೆ, ಒಂದು ಹನಿಯೂ ಉಳಿಯಲಿಲ್ಲ. ಎಂಜಿನ್ನಿನ ಸದ್ದು ಕೇಳಲು ಡಾಕ್ಟರರ ಕೊಳವೆಯಂಥದ್ದು: ಸದ್ದೇನೋ ಕೇಳಿಸಿತು, ಏನು ಕೆಟ್ಟಿದೆ ಎಂಬುದು ತಿಳಿಯಲಿಲ್ಲ. ಇವನ್ನು ತಯಾರಿಸಿದವರು ಜೀವಮಾನದಲ್ಲಿ ಒಮ್ಮೆಯೂ ಕಾರಿನ ಕೆಳಗೆ ಬೆನ್ನು ಊರಿದವರಲ್ಲ.

ಕಾರು ನನ್ನ ಸೋದರತ್ತೆಯದು. ಬೇತಮಂಗಲದ ಆಚೆಗಿನ ನಮ್ಮ ಹಳ್ಳಿಯಲ್ಲಿ ಹನ್ನೊಂದು ಮನೆಗಳ ಹಾಲು ತುಂಬಿಸಿಕೊಂಡು ಬೆಳಿಗ್ಗೆ ಎಂಟು ಗಂಟೆಯೊಳಗೆ ಬಂಗಾರಪೇಟೆಯ ಹಾಲಿನ ಕೇಂದ್ರಕ್ಕೆ ಮುಟ್ಟಿಸುವುದು ಅವಳ ಕಸುಬು. ಚಿನ್ನದ ಗಣಿಯ ಸಾಹೇಬರೊಬ್ಬರು ಮಾರಿದ ಹಳೇ ಕಾರಿನ ಹಿಂದಿನ ಸೀಟು ಕಿತ್ತು ಕ್ಯಾನುಗಳಿಗೆ ಜಾಗ ಮಾಡಿದ್ದೆವು. ಓಡಿಸುವುದು, ರಿಪೇರಿ ಎರಡೂ ನನ್ನದು. ಹಳ್ಳಿಗೆ ಸೈಕಲ್ಲಿನಲ್ಲಿ ಇನ್ನೊಬ್ಬ ಹಾಲಿನವನೂ ಬರುತ್ತಿದ್ದ. ಒಂದು ದಿನ ಹಾಲು ಕೆಟ್ಟರೂ ಮನೆಗಳು ಅವನ ಪಾಲಾಗುತ್ತವೆ ಎಂಬುದು ಅತ್ತೆಗೆ ಸದಾ ಇದ್ದ ಭಯ.

ಭಾನುವಾರ ಕೂತು ಲೆಕ್ಕ ಹಾಕಿದೆ. ಹೊಸ ಸ್ಪ್ಯಾನರ್ ಬಂದ ಮೇಲೆ ಕಾರಿನಲ್ಲಿದ್ದ ಕಬ್ಬಿಣದ ದೊಡ್ಡ ವೀಲ್ ಸ್ಪ್ಯಾನರ್, ಸುತ್ತಿಗೆ, ಮಿಕ್ಕ ಸ್ಪ್ಯಾನರುಗಳ ಚೀಲ ಏಕೆ? ಅಷ್ಟನ್ನೂ ತೆಗೆದರೆ ಇನ್ನೊಂದು ಸಣ್ಣ ಕ್ಯಾನು ಹಿಡಿಯುತ್ತದೆ. ತೆಗೆದು ಕೊಟ್ಟಿಗೆಯ ಅಟ್ಟಕ್ಕೆ ಹಾಕಿದೆ. ಈ ಘನ ತೀರ್ಮಾನ ಡೈರಿಯಲ್ಲಿ ಕೆಂಪು ಶಾಯಿಯಲ್ಲಿದೆ.

ಮಂಗಳವಾರ, ಏಳು ಹತ್ತು. ಮೇ ತಿಂಗಳ ಬಿಸಿಲು ಆಗಲೇ ಏರಿತ್ತು. ಬೇತಮಂಗಲದ ಕೆರೆ ದಾಟುತ್ತಲೇ ಹಿಂದಿನ ಎಡಗಾಲಿ ಪಂಚರ್. ಸ್ಟೆಪ್ನಿ ಇತ್ತು, ಜಾಕಿ ಇತ್ತು. ನಾಲ್ಕು ನಟ್ಟು ಬಿಚ್ಚಿದರೆ ಸಾಕು. ಹೊಸ ಸ್ಪ್ಯಾನರ್ ನಟ್ಟನ್ನು ಕಚ್ಚಿತು, ಜಾರಿತು. ಮತ್ತೆ ಕಚ್ಚಿತು, ಮತ್ತೆ ಜಾರಿತು. ಅಷ್ಟರಲ್ಲಿ ಬಂಗಾರಪೇಟೆ ಬಸ್ಸು ಬಂತು. ಜೊತೆಗಿದ್ದ ಅತ್ತೆ ಕೈ ಅಡ್ಡ ಹಾಕಿ ನಿಲ್ಲಿಸಿದಳು.

“ಕ್ಯಾನು ಬಸ್ಸಿಗೆ ಎತ್ತಾಕಾನೇನ್ಲಾ?”

“ಬ್ಯಾಡತ್ತೆ, ಐದ್ ನಿಮ್ಸ.”

“ನಿಜ ಏಳ್ಲಾ. ಈ ಬಸ್ಸು ಓದ್ರೆ ಮಧ್ಯಾನದಗಂಟ ಇನ್ನೊಂದಿಲ್ಲ.”

“ಎಂಥಾ ನಟ್ಟಾದ್ರೂ ಬಿಚ್ತದೆ ಕಣತ್ತೆ ಇದು.”

ಬಸ್ಸು ಹೋಯಿತು. ಎಂಟೂವರೆಯ ಹೊತ್ತಿಗೆ ನಾಲ್ಕೂ ನಟ್ಟುಗಳ ಮೂಲೆ ಸವೆದು ಗುಂಡಗಾಗಿದ್ದವು. ಅತ್ತೆ ಕೆರೆಯಿಂದ ನೀರು ತಂದು ಕ್ಯಾನುಗಳ ಮೇಲಿನ ಗೋಣಿಯನ್ನು ನೆನೆಸುತ್ತಲೇ ಇದ್ದಳು.

ಒಂಬತ್ತಕ್ಕೆ ಊರಿಗಾಂ ಕಡೆ ಹೊರಟಿದ್ದ ಗಣಿ ವರ್ಕ್‌ಶಾಪಿನ ತಮಿಳು ಫಿಟ್ಟರ್ ಒಬ್ಬ ಸೈಕಲ್ ನಿಲ್ಲಿಸಿದ. ಗಾಲಿ ನೋಡಿ ಅವನಿಗೆ ನಗು ತಡೆಯಲಿಲ್ಲ.

“ಏನ್ ತಂಬಿ, ನಟ್ಟನ್ನೆಲ್ಲ ಲಡ್ಡು ಕಟ್ಟಿಟ್ಟಿದೀಯ!”

ತನ್ನ ಚೀಲದಿಂದ ಒಳ್ಳೆಯ ಸ್ಪ್ಯಾನರ್ ತೆಗೆದು ಹಾಕಿದ. ಅದೂ ಜಾರಿತು.

“ಮೂಲೇನೇ ಇಲ್ಲ, ಇದು ಯಾವ್ದನ್ನ ಇಡ್ಕೊಳ್ಳೋದು ಪಾ? ಆ ಆಟದ ಸಾಮಾನು ಕೊಂಡೋರು ಯಾರು?”

“ನಾನೇ ಅಣ್ಣ.”

“ಇರ್ಲಿ ಬಿಡು, ಮಾರಿದೋನಾದ್ರೂ ಚೆನ್ನಾಗಿರ್ಲಿ.”

ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ಹೊಡೆದು ಅವನು ನಾಲ್ಕನ್ನೂ ಬಿಚ್ಚಿ, ಸ್ಟೆಪ್ನಿ ಹಾಕಿ, ಅವನ್ನೇ ಮತ್ತೆ ಬಿಗಿದಾಗ ಹತ್ತೂವರೆ. ಹಾಲಿನ ಕೇಂದ್ರದಲ್ಲಿ ಪರೀಕ್ಷೆ ಮಾಡುವವನು ಒಂದು ಕ್ಯಾನಿನ ಮುಚ್ಚಳ ತೆಗೆದು ಮೂಸಿ ಮುಚ್ಚಿದ. ಎರಡನೆಯದನ್ನೂ ಮೂಸಿದ. ಉಳಿದವನ್ನು ತೆರೆಯಲೇ ಇಲ್ಲ. “ವಾಪಸ್ ತಗೊಂಡೋಗಮ್ಮ” ಎಂದ.

ಹಾಲು ಕೆಡಿಸಿದವರೇ ಮನೆಮನೆಗೆ ಹೋಗಿ ಹೇಳಬೇಕು. ಇದು ಅತ್ತೆ ಮೊದಲಿನಿಂದ ನಡೆಸಿಕೊಂಡು ಬಂದದ್ದು. ಒಮ್ಮೆ ಕ್ಯಾನು ಸರಿಯಾಗಿ ತೊಳೆಯದೆ ಹಾಲು ಕೆಟ್ಟಾಗ ಅವಳೇ ಹೋಗಿದ್ದಳು. ಈ ಮಂಗಳವಾರ ಸಂಜೆ ನನಗೆ ಹೇಳಿದ್ದು ಇಷ್ಟೇ: “ನಿನ್ನ ಬಾಯಾಗೇ ಏಳ್ಬೇಕು. ಆ ಬೆಳ್ಳಿ ಸಾಮಾನೂ ಕೈಯಾಗಿರ್ಲಿ.”

ಹನ್ನೊಂದು ಮನೆಗಳಲ್ಲೂ ಅದನ್ನು ತಿರುಗಿಸಿ ನೋಡಿದರು. “ಇದ್ರಾಗೆ ಎಮ್ಮೆ ಕಾಲಾದ್ರೂ ಕಟ್ಬೋದೇನ್ಲಾ?” ಎಂದಳು ಒಬ್ಬಳು. ಇನ್ನೊಂದು ಮನೆಯ ಯಜಮಾನ ಸೈಕಲ್ಲಿನ ನಟ್ಟಿಗೆ ಹಾಕಿ, ಅದು ಜಾರಿದ್ದೇ ಕೆಮ್ಮು ಬರುವಷ್ಟು ನಕ್ಕ. ಎರಡು ಮನೆಗಳಲ್ಲಿ ನಗಲಿಲ್ಲ. “ನಾಳೆಯಿಂದ ಸೈಕಲ್ಲೋನ್ಗೆ ಆಕ್ತೀವಿ” ಎಂದು ಒಳಗೆ ಹೋದರು.

ಕೊನೆಯದು ಎಲ್ಲರಿಗಿಂತ ಹೆಚ್ಚು ಹಾಲು ಹಾಕುತ್ತಿದ್ದ ಅಜ್ಜಿಯ ಮನೆ.

“ಮೊದ್ಲು ಯಾತ್ರಾಗೆ ಬಿಚ್ತಿದ್ದೆ?”

“ಕಬ್ಬಿಣದ್ದೊಂದಿತ್ತಜ್ಜಿ. ಅಟ್ಟದಾಗೈತೆ.”

“ಯಾಕೆ ಇಳಿಸ್ದೆ?”

“ಭಾರ ಅಂತ.”

“ನಮ್ಮೆಮ್ಮೆ ಹಾಲೂ ಭಾರಾನೇ ಕಣ್ಲಾ. ಅದ್ನೂ ಇಳಿಸ್ಬಿಡು, ಕಾರು ಅಗುರಾಗ್ತದೆ.”

ಓಡಿಹೋಗಿ ಕಬ್ಬಿಣದ್ದನ್ನು ತಂದೆ. ಅಜ್ಜಿ ಅದನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ, “ಇದು ಕಾರ್ನಾಗಿದ್ರೆ ಹಾಲು ಆಕ್ತೀನಿ” ಎಂದಳು.

ರಾತ್ರಿಯ ಊಟಕ್ಕೆ ಮೊದಲು ಡೈರಿಯಲ್ಲಿ ಹೊಸ ಸ್ಪ್ಯಾನರಿನ ಪುಟ ತುಂಬಿದೆ. ಎಡಕ್ಕೆ ಸೊನ್ನೆ. ಬಲಕ್ಕೆ ನಾಲ್ಕು ನಟ್ಟು, ಐದು ಕ್ಯಾನು ಹಾಲು, ಎರಡು ಮನೆ.

ಬುಧವಾರ ಬೆಳಿಗ್ಗೆ ಅಜ್ಜಿ ಮೊದಲು ಕಾರಿನ ಹಿಂದಿನ ಬಾಗಿಲು ತೆಗೆಸಿ, ಕಬ್ಬಿಣವನ್ನು ಮುಟ್ಟಿ ನೋಡಿ, ಆಮೇಲೆ ಹಾಲು ಸುರಿದಳು. ಒಂಬತ್ತು ಮನೆಗಳ ಹಾಲು ಬಂತು. ಹಿಂದೆ ಕಬ್ಬಿಣದ ಚೀಲ ಕೂತಿದ್ದರಿಂದ ಸಣ್ಣ ಕ್ಯಾನಿಗೆ ಜಾಗವಿರಲಿಲ್ಲ. ಅದಕ್ಕೆ ತುಂಬಿಸಲು ಹಾಲೂ ಇರಲಿಲ್ಲ.